ಮೂರು ಮತ ಕಡಿಮೆ ಬಿದ್ದ ಶನಿವಾರ: ಇರಾಕ್ ಯುದ್ಧದ ಹೊಸ್ತಿಲಲ್ಲಿ ಟರ್ಕಿ

2003ರ ಮಾರ್ಚ್ 1, ಶನಿವಾರ. ಅಂಕಾರಾದ ಸಂಸತ್ತಿನಲ್ಲಿ ಬಾಗಿಲು ಮುಚ್ಚಿ ನಡೆದ ಕಲಾಪದ ಕೊನೆಗೆ ಮತ ಎಣಿಕೆ ಮುಗಿಯಿತು. ಪರ 264, ವಿರುದ್ಧ 250, ತಟಸ್ಥ 19. ನಿರ್ಣಯ ಪಾಸಾಯಿತು ಎಂಬ ಸುದ್ದಿ ಹೊರಗೆ ಓಡಿತು. ಸ್ವಲ್ಪ ಹೊತ್ತಿನಲ್ಲೇ ಅದು ಮಗುಚಿ ಬಿತ್ತು. ಬೇಕಿದ್ದದ್ದು 267, ಬಂದದ್ದು 264, ನಿರ್ಣಯ ಬಿದ್ದುಹೋಗಿದೆ.

ಆ ಮೂರು ಮತದ ಕೊರತೆಯಿಂದಾಗಿ 62,000 ಅಮೆರಿಕನ್ ಸೈನಿಕರು ಟರ್ಕಿಯ ನೆಲದ ಮೂಲಕ ಉತ್ತರ ಇರಾಕಿಗೆ ಇಳಿಯುವ ಯೋಜನೆ ನಿಂತಿತು. ಯುದ್ಧಕ್ಕೆ ಆಗ ಮೂರು ವಾರವೂ ಉಳಿದಿರಲಿಲ್ಲ. ಆಡಳಿತ ಪಕ್ಷಕ್ಕೆ ಮೂರನೇ ಎರಡರಷ್ಟು ಸ್ಥಾನವಿತ್ತು. ನಿರ್ಣಯ ಮಂಡಿಸಿದ್ದು ಅದೇ ಪಕ್ಷದ ಸರ್ಕಾರ. ಹಾಗಿದ್ದರೂ ಸೋತದ್ದು ಹೇಗೆ?

‘ಜನ ಯುದ್ಧ ಬೇಡ ಎಂದರು, ಸಂಸತ್ತು ಕೇಳಿತು’ ಎನ್ನುವುದು ಎಲ್ಲರೂ ಹೇಳುವ ಉತ್ತರ. ಅದರಲ್ಲಿ ಅರ್ಧ ನಿಜವಿದೆ. ಜನ ಬೇಡ ಎಂದದ್ದು ಫೆಬ್ರವರಿ 6ರಂದೂ ಹೌದು, ಮಾರ್ಚ್ 20ರಂದೂ ಹೌದು. ಆ ಎರಡೂ ದಿನ ಸಂಸತ್ತು ಸರ್ಕಾರ ಕೇಳಿದ್ದನ್ನು ಕೊಟ್ಟಿತು. ಹಾಗಾದರೆ ನಡುವಿನ ಮಾರ್ಚ್ 1ಕ್ಕೆ ಏನಾಗಿತ್ತು ಎಂದು ಕೇಳಬೇಕು. ಅದಕ್ಕೆ ಉತ್ತರ ಹುಡುಕಲು ಅಂದು ಅಧಿಕಾರ ಯಾರ ಯಾರ ಕೈಯಲ್ಲಿ ಹಂಚಿಹೋಗಿತ್ತು ಎಂದು ನೋಡಬೇಕಾಗುತ್ತದೆ. ಈ ಬರಹದಲ್ಲಿ ಉನ್ನತ ಹುದ್ದೆಯಲ್ಲಿದ್ದ ಕೆಲವರ ಹೆಸರಷ್ಟೇ ಬರುತ್ತದೆ. ಉಳಿದ ಸಂಸದರು, ಸಚಿವರು, ಅಧಿಕಾರಿಗಳನ್ನು ಅವರ ಸ್ಥಾನದಿಂದ ಗುರುತಿಸಲಾಗಿದೆ.

ಹಿನ್ನೆಲೆ: ದೊಡ್ಡ ಬಹುಮತ, ಹೊರಗೆ ಕೂತ ನಾಯಕ

2002ರ ನವೆಂಬರ್ 3ರ ಚುನಾವಣೆ ಟರ್ಕಿಯ ಹಳೆಯ ಪಕ್ಷಗಳನ್ನು ಗುಡಿಸಿ ಹಾಕಿತು. ಸಂಸತ್ತಿಗೆ ಬರಬೇಕಾದರೆ ಪಕ್ಷವೊಂದು ದೇಶದಾದ್ಯಂತ ಶೇ. 10ರಷ್ಟು ಮತ ಪಡೆಯಬೇಕೆಂಬ ನಿಯಮ ಅಲ್ಲಿತ್ತು. ಆ ಗೆರೆ ದಾಟಿದ್ದು ಎರಡೇ ಪಕ್ಷ. 2001ರ ಆಗಸ್ಟ್‌ನಲ್ಲಿ ಹುಟ್ಟಿದ್ದ ನ್ಯಾಯ ಮತ್ತು ಅಭಿವೃದ್ಧಿ ಪಕ್ಷ, ಜನರ ಬಾಯಲ್ಲಿ ಎಕೆ ಪಕ್ಷ, ಸುಮಾರು ಶೇ. 34 ಮತಕ್ಕೆ 550ರಲ್ಲಿ 363 ಸ್ಥಾನ ಪಡೆಯಿತು. ಸಿಎಚ್‌ಪಿ ಎಂದು ಕರೆಯುವ ಹಳೆಯ ಗಣರಾಜ್ಯವಾದಿ ಪಕ್ಷಕ್ಕೆ 178. ಪಕ್ಷೇತರರು 9. ಚಲಾವಣೆಯಾದ ಮತಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಯಾವ ಸ್ಥಾನವನ್ನೂ ಕೊಡದೆ ಹೋದವು.

ಕಾಗದದ ಮೇಲೆ ಇದಕ್ಕಿಂತ ಗಟ್ಟಿ ಸರ್ಕಾರ ಬೇಕಿಲ್ಲ. ಆದರೆ ಈ 363ರ ಒಳಗೆ ಏನಿತ್ತು? 1997ರಲ್ಲಿ ಸೇನೆಯ ಒತ್ತಡಕ್ಕೆ ಅಧಿಕಾರ ಬಿಟ್ಟ ಇಸ್ಲಾಮಿ ಚಳವಳಿಯಿಂದ ಬಂದವರು, ಮುಳುಗಿದ ನಡು-ಬಲಪಂಥೀಯ ಪಕ್ಷಗಳಿಂದ ದಾಟಿಕೊಂಡವರು, ಆಗ್ನೇಯದ ಕುರ್ದ್ ಪ್ರದೇಶಗಳಿಂದ ಗೆದ್ದವರು, ಅನತೋಲಿಯಾದ ಊರುಗಳ ವ್ಯಾಪಾರಿಗಳು. ಬಹುಪಾಲು ಮಂದಿ ಮೊದಲ ಸಲ ಸಂಸತ್ತಿಗೆ ಕಾಲಿಟ್ಟವರು. ಒಟ್ಟಿಗೆ ಕಷ್ಟ ಕಂಡು, ಒಟ್ಟಿಗೆ ಮತ ಹಾಕಿ ಪಳಗಿದ ಗುಂಪು ಇದಾಗಿರಲಿಲ್ಲ.

ಇನ್ನೊಂದು ವಿಚಿತ್ರವೂ ಇತ್ತು. ಪಕ್ಷ ಗೆದ್ದದ್ದು ರಿಜೆಪ್ ತಯ್ಯಿಪ್ ಎರ್ದೊಆನ್ ಹೆಸರಿನಲ್ಲಿ. ಹಿಂದೊಮ್ಮೆ ಸಭೆಯಲ್ಲಿ ಕವಿತೆಯೊಂದನ್ನು ಓದಿದ್ದಕ್ಕೆ ಜೈಲು ಶಿಕ್ಷೆ ಅನುಭವಿಸಿದ್ದ ಅವರಿಗೆ ಚುನಾವಣೆಗೆ ನಿಲ್ಲುವ ಹಕ್ಕೇ ಇರಲಿಲ್ಲ. ಹಾಗಾಗಿ ಅಬ್ದುಲ್ಲಾ ಗುಲ್ ಪ್ರಧಾನಿಯಾದರು, ಎರ್ದೊಆನ್ ಪಕ್ಷದ ಅಧ್ಯಕ್ಷರಾಗಿ ಹೊರಗೆ ಉಳಿದರು. ಡಿಸೆಂಬರ್ 10ರಂದು ಶ್ವೇತಭವನದಲ್ಲಿ ಬುಷ್ ಎದುರು ಕೂತದ್ದು ಎರ್ದೊಆನ್. ಅವರ ಕೈಯಲ್ಲಿ ಸರ್ಕಾರದ ಯಾವ ಹುದ್ದೆಯೂ ಇರಲಿಲ್ಲ. ಅಂಕಾರಾದಲ್ಲಿ ಕಡತಕ್ಕೆ ಸಹಿ ಹಾಕುತ್ತಿದ್ದದ್ದು ಗುಲ್. ಮುಂದೆ ಕುರ್ಚಿ ಬಿಟ್ಟುಕೊಡಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ಮನೆಯ ಯಜಮಾನ ಪಡಸಾಲೆಯಲ್ಲಿ, ಬೀಗದ ಕೈ ಮಾತ್ರ ಇನ್ನೊಬ್ಬರ ಸೊಂಟದಲ್ಲಿ.

ಇದರ ಜೊತೆಗೆ 2001ರ ಹಣಕಾಸು ಕುಸಿತದ ಗಾಯ ಹಸಿಯಾಗಿಯೇ ಇತ್ತು. ಐಎಂಎಫ್ ಸಾಲದ ಮೇಲೆ ದೇಶ ನಡೆಯುತ್ತಿತ್ತು. ಸೈಪ್ರಸ್ ಮಾತುಕತೆಯ ಗಡುವು, ಐರೋಪ್ಯ ಒಕ್ಕೂಟದ ಸದಸ್ಯತ್ವದ ಷರತ್ತುಗಳು ಎಲ್ಲವೂ ಅದೇ ಚಳಿಗಾಲದಲ್ಲಿ ಒಟ್ಟಿಗೆ ಬಂದು ಕೂತಿದ್ದವು.

ಕೇಳಿದ್ದೇನು, ಕೊಡಬೇಕಾದವರು ಯಾರು

ಅಮೆರಿಕ ಕೇಳಿದ್ದು ಸಣ್ಣದಲ್ಲ. ತನ್ನ ನಾಲ್ಕನೇ ಕಾಲಾಳು ಡಿವಿಷನ್ ಮೆಡಿಟರೇನಿಯನ್ ದಡದ ಇಸ್ಕೆಂದೆರುನ್ ಬಂದರಿನಲ್ಲಿ ಇಳಿಯಬೇಕು, ಟ್ಯಾಂಕು ಮತ್ತು ಸರಕನ್ನು ಟ್ರಕ್ಕುಗಳಲ್ಲಿ ನೂರಾರು ಕಿಲೋಮೀಟರ್ ಪೂರ್ವಕ್ಕೆ ಸಾಗಿಸಿ ಇರಾಕ್ ಗಡಿ ಮುಟ್ಟಬೇಕು, ವಿಮಾನ ನಿಲ್ದಾಣಗಳು ಬಳಕೆಗೆ ಸಿಗಬೇಕು. ಅಂತಿಮ ಕರಡಿನಲ್ಲಿ ಬರೆದದ್ದು ಹೀಗಿತ್ತು: ಗರಿಷ್ಠ 62,000 ಸೈನಿಕರು, 255 ವಿಮಾನಗಳು, 65 ಹೆಲಿಕಾಪ್ಟರ್‌ಗಳು, ಆರು ತಿಂಗಳ ಅವಧಿ.

ಟರ್ಕಿ ಸಂವಿಧಾನದ 92ನೇ ವಿಧಿಯ ಪ್ರಕಾರ ತನ್ನ ಸೇನೆಯನ್ನು ಹೊರದೇಶಕ್ಕೆ ಕಳಿಸುವ, ಹೊರದೇಶದ ಸೇನೆಯನ್ನು ಒಳಗೆ ಬಿಟ್ಟುಕೊಳ್ಳುವ ಅಧಿಕಾರ ಸಂಸತ್ತಿನದು. ಅದಕ್ಕೂ ಒಂದು ಷರತ್ತಿದೆ. ಅಂತರರಾಷ್ಟ್ರೀಯ ಕಾನೂನು ನ್ಯಾಯಸಮ್ಮತವೆಂದು ಒಪ್ಪುವ ಸಂದರ್ಭವಾಗಿರಬೇಕು. ಈ ಬಗೆಯ ಅನುಮತಿ ಕೋರಿ ಸರ್ಕಾರ ಸಂಸತ್ತಿಗೆ ಕಳಿಸುವ ಪತ್ರಕ್ಕೆ ಅಲ್ಲಿ ‘ತೆಜ್ಕೆರೆ’ ಎನ್ನುತ್ತಾರೆ. 92ನೇ ವಿಧಿಯ ಆ ಒಂದು ಷರತ್ತೇ ರಾಷ್ಟ್ರಾಧ್ಯಕ್ಷ ಅಹ್ಮೆತ್ ನೆಜ್ದೆತ್ ಸೆಜೆರ್ ಅವರ ಆಧಾರ. ಸಂವಿಧಾನ ನ್ಯಾಯಾಲಯದ ಮುಖ್ಯಸ್ಥರಾಗಿದ್ದು ಅಧ್ಯಕ್ಷ ಹುದ್ದೆಗೆ ಬಂದವರು ಅವರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಇನ್ನೊಂದು ಸ್ಪಷ್ಟ ನಿರ್ಣಯ ಬರದೆ ಅನುಮತಿ ಕೊಡುವುದು ಸರಿಯಲ್ಲ ಎಂದು ಬಹಿರಂಗವಾಗಿಯೇ ಹೇಳಿದರು.

ಹೀಗೆ ಒಂದೇ ನಿರ್ಧಾರಕ್ಕೆ ನಾಲ್ಕು ಬಾಗಿಲು. ಅಧ್ಯಕ್ಷ, ಸೇನೆ, ಸಂಪುಟ, ಸಂಸತ್ತು. ಬಾಗಿಲು ಹೆಚ್ಚಿದ್ದದ್ದೇ ತೊಡಕಲ್ಲ. ಪ್ರತಿಯೊಬ್ಬರೂ ಪಕ್ಕದವರು ಮೊದಲು ಹೆಸರು ಹಾಕಲಿ ಎಂದು ಕಾಯುತ್ತ ಕೂತದ್ದು ಇಡೀ ಪ್ರಕರಣದ ಬುಡದಲ್ಲಿದೆ.

ಕಾಯುವುದಕ್ಕೆ ಕಾರಣವೂ ಇತ್ತು. 1990–91ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಆಗಿನ ಅಧ್ಯಕ್ಷ ತುರ್ಗುತ್ ಒಜಾಲ್ ಬಹುತೇಕ ಒಬ್ಬರೇ ನಿರ್ಧಾರ ಮಾಡಿದ್ದರು. 1990ರಲ್ಲೇ ವಿದೇಶಾಂಗ ಸಚಿವರು, ರಕ್ಷಣಾ ಸಚಿವರು, ಡಿಸೆಂಬರ್‌ನಲ್ಲಿ ಸೇನಾ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. ಇರಾಕಿನ ತೈಲ ತರುತ್ತಿದ್ದ ಕಿರ್ಕುಕ್–ಯುಮುರ್ತಾಲಿಕ್ ಕೊಳವೆ ಮಾರ್ಗ ಮುಚ್ಚಿತು. ಗಡಿ ವ್ಯಾಪಾರ ಸತ್ತಿತು. 1991ರ ವಸಂತದಲ್ಲಿ ಸುಮಾರು 5 ಲಕ್ಷ ಕುರ್ದ್ ನಿರಾಶ್ರಿತರು ಮಂಜಿನ ಬೆಟ್ಟಗಳ ಗಡಿಯಲ್ಲಿ ಬಂದು ನಿಂತರು. ಭರವಸೆ ಕೊಟ್ಟಷ್ಟು ಪರಿಹಾರ ಬರಲಿಲ್ಲ ಎಂಬ ಅಸಮಾಧಾನ ಅಂಕಾರಾದಲ್ಲಿ ಪಕ್ಷಭೇದವಿಲ್ಲದೆ ಇತ್ತು. ಆಗ ಮುಂದೆ ನಿಂತವರಿಗೆ ಏನಾಯಿತು ಎಂದು 2003ರಲ್ಲಿ ಎಲ್ಲರಿಗೂ ನೆನಪಿತ್ತು.

ಮಾಡಿ ನೋಡಿದ್ದು

ಗುಲ್ ಸರ್ಕಾರ ಮೊದಲು ಯುದ್ಧವನ್ನೇ ತಪ್ಪಿಸಲು ನೋಡಿತು. ಜನವರಿಯಲ್ಲಿ ಪ್ರಧಾನಿ ಸಿರಿಯಾ, ಈಜಿಪ್ಟ್, ಜೋರ್ಡಾನ್, ಸೌದಿ ಅರೇಬಿಯಾ, ಇರಾನ್ ಸುತ್ತಿದರು. ಜನವರಿ 23ರಂದು ಈ ದೇಶಗಳ ವಿದೇಶಾಂಗ ಸಚಿವರು ಇಸ್ತಾಂಬುಲ್‌ನಲ್ಲಿ ಸೇರಿ, ವಿಶ್ವಸಂಸ್ಥೆಯ ಪರಿವೀಕ್ಷಕರೊಂದಿಗೆ ಸಹಕರಿಸಬೇಕೆಂದು ಬಾಗ್ದಾದಿಗೆ ಕರೆ ಕೊಟ್ಟರು. ಇದರಿಂದ ಯುದ್ಧ ನಿಲ್ಲುತ್ತದೆಂದು ನಂಬಿದವರು ಕಡಿಮೆ. ಆದರೆ ‘ನಾವು ಮಾಡಬಹುದಾದ್ದೆಲ್ಲ ಮಾಡಿದೆವು’ ಎಂದು ಸ್ವಂತ ಸಂಸದರಿಗೆ ತೋರಿಸಲು ಈ ಓಡಾಟ ಬೇಕಿತ್ತು. ಹೊರನಾಡಿನ ಪ್ರವಾಸವೊಂದರ ಶ್ರೋತೃಗಳು ಒಳಗೇ ಕೂತಿರುವುದು ಅಪರೂಪವೇನಲ್ಲ.

ಎರಡನೆಯದು ಅನುಮತಿಯನ್ನು ತುಂಡು ಮಾಡಿ ಕೊಡುವ ತಂತ್ರ. ಮೊದಲ ತುಂಡು ಜನವರಿಯಲ್ಲಿ, ಬಂದರು ಮತ್ತು ವಿಮಾನ ನಿಲ್ದಾಣಗಳನ್ನು ನೋಡಿ ಹೋಗಲು ಅಮೆರಿಕನ್ ತಜ್ಞರಿಗೆ ಅವಕಾಶ. ಎರಡನೆಯದು ಆ ಜಾಗಗಳನ್ನು ಸಜ್ಜುಗೊಳಿಸಲು ಅನುಮತಿ. ಇದಕ್ಕೆ ಫೆಬ್ರವರಿ 6ರಂದು ಸಂಸತ್ತು 308–193ರಿಂದ ಒಪ್ಪಿತು. ಮೂರನೆಯದು ಸೈನಿಕರು ಬರುವುದು.

ಫೆಬ್ರವರಿ 6ರ ಅಂಕಿಯ ಮೇಲೆ ಇನ್ನಷ್ಟು ಹೊತ್ತು ಕಣ್ಣಿಡಬೇಕಿತ್ತು. ಗೆಲುವು ಗೆಲುವೇ. ಆದರೆ 363 ಸ್ಥಾನವಿದ್ದ ಪಕ್ಷಕ್ಕೆ ಬಿದ್ದದ್ದು 308. ಸೈನಿಕನೊಬ್ಬನೂ ಕಾಲಿಡದ, ಬರೀ ರಿಪೇರಿ ಕೆಲಸದ ಅನುಮತಿಗೇ ಐವತ್ತಕ್ಕೂ ಹೆಚ್ಚು ಮತ ಸೋರಿತ್ತು. ವಿರುದ್ಧ ಬಿದ್ದ 193 ಸಿಎಚ್‌ಪಿಯ ಬಲಕ್ಕಿಂತ ಹೆಚ್ಚು. ಅಂದರೆ ಆಡಳಿತ ಸಾಲಿನಲ್ಲಿ ಗೈರಾದವರು ಮಾತ್ರವಲ್ಲ, ಎದುರು ಮತ ಹಾಕಿದವರೂ ಇದ್ದಂತಿದೆ. ವಾಷಿಂಗ್ಟನ್ ಇದನ್ನು ‘ಬಾಗಿಲು ತೆರೆಯಿತು’ ಎಂದು ಓದಿಕೊಂಡಿತು. ಹಡಗುಗಳಿಗೆ ಸರಕು ಏರಿತು.

ಮೂರನೆಯ ಪ್ರಯತ್ನ ಹಣದ ಮಾತು. ಫೆಬ್ರವರಿ ಮಧ್ಯದಲ್ಲಿ ವಿದೇಶಾಂಗ ಮತ್ತು ಆರ್ಥಿಕ ಸಚಿವರು ವಾಷಿಂಗ್ಟನ್ನಿಗೆ ಹೋದರು. ಅಂದಿನ ವರದಿಗಳಲ್ಲಿ ಬಂದ ಲೆಕ್ಕ ಸುಮಾರು 6 ಬಿಲಿಯನ್ ಡಾಲರ್ ಅನುದಾನ, ಅದರ ಬೆನ್ನಿಗೆ 24 ಬಿಲಿಯನ್ ಡಾಲರ್‌ವರೆಗೆ ಸಾಲ. ಟರ್ಕಿ ಇದನ್ನು ಬರಹದಲ್ಲಿ ಕೇಳಿತು. 1991ರ ಅನುಭವ ಬೆನ್ನಿಗಿತ್ತು. ಆದರೆ ದುಡ್ಡಿಗೆ ಒಪ್ಪಿಗೆ ಕೊಡಬೇಕಾದದ್ದು ಅಮೆರಿಕದ ಕಾಂಗ್ರೆಸ್, ಅಧ್ಯಕ್ಷರ ಪ್ರತಿನಿಧಿಗಳು ಬರೆದುಕೊಡುವಂಥದ್ದಲ್ಲ. ಎರಡೂ ಕಡೆ ‘ನಮ್ಮ ಸಂಸತ್ತು ಒಪ್ಪಬೇಕಲ್ಲ’ ಎಂದು ಹೇಳಿಕೊಂಡೇ ಚೌಕಾಸಿ ನಡೆಯಿತು. ವಿಚಿತ್ರವೆಂದರೆ ಅಮೆರಿಕನ್ನರು ತಮ್ಮ ಕಾಂಗ್ರೆಸ್ಸಿನ ತೊಡಕನ್ನು ನಿಜವೆಂದೂ, ಟರ್ಕಿಯವರು ಹೇಳಿದ ತೊಡಕನ್ನು ಬೆಲೆ ಏರಿಸುವ ಮಾತೆಂದೂ ತಿಳಿದರು.

ಚೌಕಾಸಿಯ ಸುದ್ದಿ ಹೊರಬಿದ್ದಾಗ ಅಮೆರಿಕದ ಪತ್ರಿಕೆಗಳಲ್ಲಿ ಟರ್ಕಿಯನ್ನು ಹಣಕ್ಕೆ ಕೈಚಾಚುವ ದೇಶವಾಗಿ ಬರೆದ ವ್ಯಂಗ್ಯಚಿತ್ರಗಳು ಬಂದವು. ಅವು ಟರ್ಕಿಯ ಪತ್ರಿಕೆಗಳಲ್ಲಿ ಮರುಮುದ್ರಣವಾದವು. ಊರಿಗೆ ಹೋದರೆ ‘ಎಷ್ಟಕ್ಕೆ ಮಾರಿದಿರಿ?’ ಎಂದು ಕೇಳಿಸಿಕೊಳ್ಳಬೇಕಾದ ಹೊಸ ಸಂಸದನಿಗೆ ಆರ್ಥಿಕ ಪ್ಯಾಕೇಜು ಆಸರೆ ಆಗುವುದರ ಬದಲು ಕಳಂಕವಾಯಿತು.

ನಾಲ್ಕನೆಯದು, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಎಡವಟ್ಟು, ಕರಡಿನಲ್ಲೇ ಇತ್ತು. ಸರ್ಕಾರ ಒಂದೇ ತೆಜ್ಕೆರೆಯಲ್ಲಿ ಎರಡು ಅನುಮತಿ ಕೇಳಿತು: ಅಮೆರಿಕನ್ ಸೇನೆ ಟರ್ಕಿಗೆ ಬರಲು, ಟರ್ಕಿ ಸೇನೆ ಉತ್ತರ ಇರಾಕಿಗೆ ಹೋಗಲು. ಸೇನೆಗೆ ಬೇಕಿದ್ದದ್ದು ಎರಡನೆಯದು. ಉತ್ತರ ಇರಾಕಿನಲ್ಲಿ ಕುರ್ದ್ ರಾಜ್ಯವೊಂದು ತಲೆಯೆತ್ತದಂತೆ ತಡೆಯುವುದು ಅದರ ಚಿಂತೆ. ರಾಷ್ಟ್ರವಾದಿ ಮನಸ್ಸಿನ ಸಂಸದರು ಇದಕ್ಕೆ ತಯಾರಿದ್ದರು, ಅಮೆರಿಕನ್ನರು ನೆಲದ ಮೇಲೆ ನಿಲ್ಲುವುದಕ್ಕೆ ತಯಾರಿರಲಿಲ್ಲ. ಕುರ್ದ್ ಪ್ರದೇಶದ ಸಂಸದರಿಗೆ ಇದರ ತಿರುಗುಮುರುಗು. ಟರ್ಕಿ ಸೇನೆ ಗಡಿ ದಾಟುವುದೇ ಅವರ ಭಯ. ತಮ್ಮ ಜಿಲ್ಲೆಗಳಲ್ಲಿ ತುರ್ತು ಆಡಳಿತ ಕೊನೆಗೊಂಡದ್ದು ಹಿಂದಿನ ನವೆಂಬರ್ 30ಕ್ಕಷ್ಟೇ. ಧಾರ್ಮಿಕ ಹಿನ್ನೆಲೆಯವರಿಗೆ ನೆರೆಯ ಮುಸ್ಲಿಂ ದೇಶದ ಮೇಲಿನ ದಾಳಿಗೆ ದಾರಿ ಬಿಡುವುದೇ ಒಪ್ಪಿಗೆಯಿರಲಿಲ್ಲ. ಎರಡು ಕೋರಿಕೆ ಬೇರೆ ಬೇರೆ ಬಂದಿದ್ದರೆ ಒಂದಕ್ಕೆ ಒಂದು ಗುಂಪು ಸಿಗುತ್ತಿತ್ತು. ಕೂಡಿಸಿ ಕಟ್ಟಿದಾಗ ಮೂರೂ ಗುಂಪಿಗೆ ಒಂದೊಂದು ನೆಪ ಸಿಕ್ಕಿತು.

ಕೊನೆಯ ಐದು ದಿನ

ಫೆಬ್ರವರಿ 25ರಂದು ಕರಡು ಸಂಸತ್ತಿಗೆ ಬಂತು. ಸಂಪುಟದ ಎಲ್ಲರ ಸಹಿ ಅದರ ಮೇಲಿತ್ತು. ಆದರೆ ಸಹಿ ಎಂದರೆ ‘ಸಂಸತ್ತು ತೀರ್ಮಾನಿಸಲಿ’ ಎಂದಷ್ಟೇ ಅರ್ಥ ಎಂಬ ಸಮಾಧಾನದ ಮೇಲೆ ಕೆಲವರು ಹಾಕಿದ್ದು. ಒಬ್ಬ ಉಪಪ್ರಧಾನಿ ತಮ್ಮ ವಿರೋಧವನ್ನು ಮುಚ್ಚಿಡಲಿಲ್ಲ. ಸಭಾಧ್ಯಕ್ಷರು ಕೂಡ ಇದಕ್ಕೆ ವಿರುದ್ಧವೆಂಬುದು ಗುಟ್ಟಾಗಿರಲಿಲ್ಲ. ಅವರೂ ಅದೇ ಪಕ್ಷದವರು. ಪ್ರಧಾನಿಯ ಮಾತಿನಲ್ಲೇ ಉತ್ಸಾಹ ಕಾಣುತ್ತಿರಲಿಲ್ಲ.

ಮತದಾನ ಮುಂದೆ ಹೋಯಿತು, ಫೆಬ್ರವರಿ 28ರ ರಾಷ್ಟ್ರೀಯ ಭದ್ರತಾ ಮಂಡಳಿ ಸಭೆ ಮುಗಿಯಲಿ ಎಂದು. ಅಧ್ಯಕ್ಷ, ಪ್ರಧಾನಿ, ಪ್ರಮುಖ ಸಚಿವರು, ಸೇನಾ ದಂಡನಾಯಕರು ಒಂದೇ ಮೇಜಿನ ಸುತ್ತ ಕೂರುತ್ತಿದ್ದ ಕೂಟ ಅದು. ಹಿಂದೆ ಅದರ ‘ಶಿಫಾರಸು’ ಎಂದರೆ ಆಜ್ಞೆ. 1997ರಲ್ಲಿ ಇದೇ ಫೆಬ್ರವರಿ 28ರಂದು ಇದೇ ಮಂಡಳಿ ಹೊರಡಿಸಿದ ಪಟ್ಟಿಯಿಂದಲೇ ಆಗಿನ ಇಸ್ಲಾಮಿ ಪಕ್ಷದ ಪ್ರಧಾನಿ ಕುರ್ಚಿ ಬಿಡಬೇಕಾಯಿತು. ಎಕೆ ಪಕ್ಷ ಕಟ್ಟಿದವರು ಅದೇ ಪಕ್ಷದಿಂದ ಬಂದವರು. ಆದರೆ 2001ರ ಸಂವಿಧಾನ ತಿದ್ದುಪಡಿ ಮಂಡಳಿಯ ಮಾತನ್ನು ಬರೀ ಸಲಹೆಯ ಮಟ್ಟಕ್ಕೆ ಇಳಿಸಿತ್ತು. ಸೇನೆ ರಾಜಕೀಯದಿಂದ ದೂರ ಸರಿಯಬೇಕೆಂದು ಯುರೋಪ್ ಕಾಯುತ್ತಿತ್ತು.

ಸರ್ಕಾರಕ್ಕೆ ಬೇಕಿದ್ದದ್ದು ಮಂಡಳಿಯ ಒಂದು ಖಡಾಖಂಡಿತ ಸಾಲು: ‘ಅನುಮತಿ ಕೊಡುವುದು ದೇಶದ ಹಿತ.’ ಆ ಸಾಲು ಕೈಗೆ ಬಂದರೆ ಅನುಮಾನದಲ್ಲಿದ್ದ ಸಂಸದರಿಗೆ ತೋರಿಸಬಹುದಿತ್ತು, ಹೊಣೆಯೂ ಹಂಚಿಹೋಗುತ್ತಿತ್ತು. ಜನವರಿ 31ರ ಸಭೆಯಲ್ಲಿ ಮಂಡಳಿ ಅನುಮತಿಯ ಕಡೆಗೆ ವಾಲಿತ್ತು. ಫೆಬ್ರವರಿ 28ರ ಹೇಳಿಕೆಯಲ್ಲಿ ವಿಷಯ ಚರ್ಚೆಯಾಯಿತು ಎಂಬುದರ ಆಚೆ ಏನೂ ಇರಲಿಲ್ಲ.

ಸೇನಾ ಮುಖ್ಯಸ್ಥ ಹಿಲ್ಮಿ ಒಜ್ಕೊಕ್ ಯಾಕೆ ಸುಮ್ಮನಾದರು ಎಂಬುದಕ್ಕೆ ಉತ್ತರ ಐದು ದಿನದ ನಂತರ ಅವರ ಬಾಯಿಂದಲೇ ಬಂತು. ಮಾರ್ಚ್ 5ರಂದು ಮಾತಾಡಿದ ಅವರು ಸೇನೆಯ ಅಭಿಪ್ರಾಯವೂ ಸರ್ಕಾರದ್ದೇ ಎಂದರು. ಆಯ್ಕೆ ಇರುವುದು ಕೆಟ್ಟದ್ದಕ್ಕೂ ಇನ್ನೂ ಕೆಟ್ಟದ್ದಕ್ಕೂ ನಡುವೆ, ಮತದಾನಕ್ಕೆ ಮೊದಲೇ ಮಾತಾಡಿದ್ದರೆ ಸಂಸತ್ತಿನ ಮೇಲೆ ಒತ್ತಡ ಹೇರಿದಂತಾಗುತ್ತಿತ್ತು ಎಂಬುದು ಅವರ ವಿವರಣೆ. ಪ್ರಜಾಪ್ರಭುತ್ವದ ದೃಷ್ಟಿಯಿಂದ ಇದು ಒಪ್ಪುವಂಥ ಮಾತು. ಆದರೆ ಒಂದು ವಾರ ಮೊದಲು ಆಡಿದ್ದರೆ ಮೂರು ಮತ ಸಿಗುವುದು ಕಷ್ಟವಿರಲಿಲ್ಲ. ಜನಪ್ರಿಯವಲ್ಲದ ನಿರ್ಧಾರದ ಪೂರ್ಣ ಭಾರ ಎಕೆ ಪಕ್ಷದ ತಲೆಯ ಮೇಲೇ ಬೀಳಲಿ ಎಂದು ದಂಡನಾಯಕರು ಬಯಸಿದರು ಎಂಬ ಓದನ್ನೂ ಸುಲಭಕ್ಕೆ ತಳ್ಳಿಹಾಕಲಾಗದು.

ಪಕ್ಷದ ಒಳಗೂ ಇದೇ ಆಟ. ನಿರ್ಣಯದ ಪರವಾಗಿ ಮತ ಹಾಕಿ ಎಂದು ಎರ್ದೊಆನ್ ಸಂಸದರಿಗೆ ಹೇಳಿದರು. ಆದರೆ ಎಲ್ಲರೂ ಹೀಗೇ ಮತ ಹಾಕಬೇಕೆಂಬ ಕಡ್ಡಾಯದ ಗುಂಪು ನಿರ್ಣಯವನ್ನು ಪಕ್ಷ ಕೈಗೊಳ್ಳಲಿಲ್ಲ, ಆತ್ಮಸಾಕ್ಷಿಗೆ ಬಿಟ್ಟಿತು. 2019ರಲ್ಲಿ 17 ಶಾಸಕರ ಅನರ್ಹತೆಯನ್ನು ಕಂಡ ಕನ್ನಡ ಓದುಗರಿಗೆ ವಿಪ್ ಎಂದರೇನು, ಅದನ್ನು ಮೀರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಟರ್ಕಿಯಲ್ಲಿ ಪಕ್ಷಾಂತರ ತಡೆಯುವ ನಮ್ಮ 10ನೇ ಅನುಸೂಚಿಯಂಥದ್ದು ಇಲ್ಲ. ಕಡ್ಡಾಯ ನಿರ್ಣಯ ಮೀರಿದವನಿಗೂ ಪಕ್ಷ ಶಿಸ್ತುಕ್ರಮ ಕೈಗೊಳ್ಳಬಹುದೇ ಹೊರತು ಸಂಸತ್ ಸ್ಥಾನ ಹೋಗದು. ಅಷ್ಟು ಸಡಿಲ ಹಗ್ಗವನ್ನೂ ನಾಯಕತ್ವ ಅಂದು ಬಿಗಿಯಲಿಲ್ಲ.

ಆ ಸಂಜೆಯ ಲೆಕ್ಕ

ಮಾರ್ಚ್ 1ರಂದು ಒಳಗೆ ಕಲಾಪ ನಡೆಯುತ್ತಿದ್ದಾಗ ಅಂಕಾರಾದ ಸಿಹ್ಹಿಯೆ ಚೌಕದಲ್ಲಿ ಹತ್ತಾರು ಸಾವಿರ ಜನ ಯುದ್ಧದ ವಿರುದ್ಧ ಸೇರಿದ್ದರು. ಎಣಿಕೆ ಮುಗಿದಾಗ ಪರ ಮತ ಹೆಚ್ಚು ಕಂಡವು. ಆಗ ವಿರೋಧ ಪಕ್ಷ ಸಂವಿಧಾನದ 96ನೇ ವಿಧಿಯನ್ನು ಎತ್ತಿತು. ಆ ವಿಧಿಯ ಪ್ರಕಾರ ನಿರ್ಣಯ ಗೆಲ್ಲಲು ವಿರುದ್ಧ ಮತಕ್ಕಿಂತ ಹೆಚ್ಚು ಬಂದರೆ ಸಾಲದು. ಕಲಾಪದಲ್ಲಿ ಪಾಲ್ಗೊಂಡವರ ಅರ್ಧಕ್ಕಿಂತ ಹೆಚ್ಚು ಬೇಕು. ತಟಸ್ಥರೂ ಪಾಲ್ಗೊಂಡವರೇ. 264, 250, 19 ಕೂಡಿಸಿದರೆ 533, ಅರ್ಧ 266.5, ಬೇಕಾದದ್ದು 267. ವಿರಾಮದ ನಂತರ ಸಭಾಧ್ಯಕ್ಷರು ಅಗತ್ಯ ಬಹುಮತ ಬಂದಿಲ್ಲವೆಂದು ಘೋಷಿಸಿದರು.

ಈ ನಿಯಮದ ಒಳಗುಟ್ಟನ್ನು ಪೆನ್ನು ಹಿಡಿದು ನೋಡಬೇಕು. ತಟಸ್ಥ ಎಂದು ಗುಂಡಿ ಒತ್ತಿದ 19 ಮಂದಿಯಲ್ಲಿ ಆರೇ ಜನ ಮತದಾನದ ಹೊತ್ತಿಗೆ ಎದ್ದು ಮೊಗಸಾಲೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದರೆ ಹಾಜರಿ 527 ಆಗುತ್ತಿತ್ತು, ಬೇಕಾದ ಸಂಖ್ಯೆ 264. ನಿರ್ಣಯ ಸರಿಯಾಗಿ ಪಾಸು. ಐದೇ ಜನ ಹೊರಗಿದ್ದರೆ ಹಾಜರಿ 528, ಬೇಕಾದದ್ದು 265, ಫೇಲು. ಕೈ ತೊಳೆದುಕೊಳ್ಳಲು ‘ತಟಸ್ಥ’ ಎಂದವರು ನಿಜದಲ್ಲಿ ‘ಬೇಡ’ ಎಂದಿದ್ದರು. ಸರ್ಕಾರದ ಮುಖ್ಯ ಸಚೇತಕರ ಕೆಲಸವೇ ಇಂಥ ಲೆಕ್ಕ. ಅನುಮಾನ ಇರುವವರನ್ನು ಒಪ್ಪಿಸಲಾಗದಿದ್ದರೆ ಹೊರಗಾದರೂ ಇರಿಸಬೇಕು. ಸಾಕಷ್ಟು ಮತ ಇದೆಯೆಂದು ನಂಬಿ ಕೂತ ಪಕ್ಷ ಅದನ್ನು ಮಾಡಲಿಲ್ಲ.

ಆಡಳಿತ ಪಕ್ಷದಿಂದ ಎಷ್ಟು ಮಂದಿ ಎದುರು ಹಾಕಿದರು? ಸಿಎಚ್‌ಪಿಯ 178 ಸ್ಥಾನವೂ, 9 ಪಕ್ಷೇತರರೂ ಪೂರ್ತಿ ವಿರುದ್ಧವೆಂದೇ ಹಿಡಿದರೂ 187. ಉಳಿದ 63 ಆಡಳಿತ ಸಾಲಿನವು. ತಟಸ್ಥರನ್ನೂ ಗೈರಾದವರನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಫೆಬ್ರವರಿ 6ರ 308 ಇಪ್ಪತ್ತಮೂರು ದಿನದಲ್ಲಿ 264ಕ್ಕೆ ಇಳಿದಿತ್ತು.

ನಂತರ ಆದದ್ದು

ಸೋಮವಾರ ಇಸ್ತಾಂಬುಲ್ ಷೇರುಪೇಟೆ ಶೇ. 10ಕ್ಕಿಂತ ಹೆಚ್ಚು ಕುಸಿಯಿತು. ಮೆಡಿಟರೇನಿಯನ್‌ನಲ್ಲಿ ಲಂಗರು ಹಾಕಿದ್ದ 30ಕ್ಕೂ ಹೆಚ್ಚು ಹಡಗುಗಳು ಕೆಲ ದಿನ ಕಾದವು, ಆಮೇಲೆ ಸೂಯೆಜ್ ಮೂಲಕ ಕುವೈತಿಗೆ ತಿರುಗಿದವು. ನಾಲ್ಕನೇ ಡಿವಿಷನ್ ಇರಾಕಿಗೆ ತಲುಪುವ ಹೊತ್ತಿಗೆ ಯುದ್ಧದ ಮುಖ್ಯ ಹಂತ ಮುಗಿಯುತ್ತ ಬಂದಿತ್ತು. ಉತ್ತರದಲ್ಲಿ ಡಿವಿಷನ್ ಮಾಡಬೇಕಿದ್ದ ಕೆಲಸಕ್ಕೆ ಮಾರ್ಚ್ 26ರ ರಾತ್ರಿ ಬಶೂರ್ ವಿಮಾನ ಪಟ್ಟಿಯ ಮೇಲೆ ಪ್ಯಾರಾಶೂಟಿನಲ್ಲಿ ಇಳಿದ ಸುಮಾರು ಒಂದು ಸಾವಿರ ಸೈನಿಕರೂ ಪೆಶ್ಮರ್ಗಾ ಎಂದು ಕರೆಯುವ ಕುರ್ದ್ ಹೋರಾಟಗಾರರೂ ಸಾಕಾಯಿತು. ಏಪ್ರಿಲ್ 10ರಂದು ಪೆಶ್ಮರ್ಗಾ ಕಿರ್ಕುಕ್ ಒಳಹೊಕ್ಕರು. ಟರ್ಕಿ ಸೇನೆ ಯಾವುದನ್ನು ತಡೆಯಲು ಉತ್ತರ ಇರಾಕಿಗೆ ಹೋಗಬೇಕೆಂದಿತ್ತೋ ಅದು ಅದರ ಕಣ್ಣೆದುರೇ ನಡೆಯಿತು.

ಒಳಗಿನ ರಚನೆ ಮಾತ್ರ ಬೇಗ ಬದಲಾಯಿತು. ಮತದಾನದ ಎಂಟು ದಿನಕ್ಕೆ, ಮಾರ್ಚ್ 9ರಂದು, ಸಿಯಿರ್ತ್ ಉಪಚುನಾವಣೆಯಲ್ಲಿ ಎರ್ದೊಆನ್ ಗೆದ್ದರು, 14ರಂದು ಪ್ರಧಾನಿಯಾದರು. ವಿರೋಧ ಹೇಳಿದ್ದ ಉಪಪ್ರಧಾನಿಗೆ ಹೊಸ ಸಂಪುಟದಲ್ಲಿ ಜಾಗ ಸಿಗಲಿಲ್ಲ. ಮಾರ್ಚ್ 20ರಂದು ಹೊಸ ತೆಜ್ಕೆರೆ ಬಂತು. ಈ ಸಲ ಭೂಸೇನೆಯ ಮಾತಿಲ್ಲ, ಅಮೆರಿಕನ್ ವಿಮಾನಗಳಿಗೆ ವಾಯುಮಾರ್ಗ ಮತ್ತು ಟರ್ಕಿ ಸೇನೆ ಗಡಿ ದಾಟುವ ಅಧಿಕಾರ. 332–202ರಿಂದ ಪಾಸಾಯಿತು. ಜನಾಭಿಪ್ರಾಯ ಕದಲಿರಲಿಲ್ಲ. ಕೋರಿಕೆ ಕಿರಿದಾಗಿತ್ತು, ನಾಯಕ ಒಳಗೆ ಬಂದಿದ್ದರು, ಯಜಮಾನನ ಸೊಂಟಕ್ಕೆ ಬೀಗದ ಕೈ ಬಂದಿತ್ತು. ಆದರೂ 202 ವಿರುದ್ಧ ಎಂದರೆ ಸ್ವಂತ ಸಾಲಿನ ಭಿನ್ನಮತ ಪೂರ್ತಿ ಆರಿರಲಿಲ್ಲ.

ಹಣದ ಪ್ಯಾಕೇಜು ಒಂದು ಬಿಲಿಯನ್ ಡಾಲರ್ ಅನುದಾನಕ್ಕೆ, ಅಥವಾ ಅದರ ಬದಲು 8.5 ಬಿಲಿಯನ್‌ವರೆಗಿನ ಸಾಲಕ್ಕೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು. ಉತ್ತರ ಇರಾಕಿನ ಕುರಿತ ಷರತ್ತುಗಳು ಒಪ್ಪಿಗೆಯಾಗದೆ ಟರ್ಕಿ ಅದನ್ನು ಬಳಸಿಕೊಳ್ಳಲೇ ಇಲ್ಲ. ಜುಲೈ 4ರಂದು ಉತ್ತರ ಇರಾಕಿನ ಸುಲೇಮಾನಿಯಾದಲ್ಲಿ ಅಮೆರಿಕನ್ ಸೈನಿಕರು ಟರ್ಕಿಯ ವಿಶೇಷ ಪಡೆಯವರನ್ನು ಬಂಧಿಸಿ ತಲೆಗೆ ಚೀಲ ಹಾಕಿ ಕರೆದೊಯ್ದರು. ಆ ಚೀಲ ಟರ್ಕಿಯವರ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿಯಿತು.

ಎಲ್ಲಿ ತಪ್ಪಿ ಓದಿದರು

ಅಮೆರಿಕ ತಪ್ಪು ಬಾಗಿಲು ತಟ್ಟಿತು. ದಶಕಗಳ ಅಭ್ಯಾಸಬಲದಿಂದ ಅಂಕಾರಾದಲ್ಲಿ ದಂಡನಾಯಕರು ಒಪ್ಪಿದರೆ ಎಲ್ಲ ಒಪ್ಪಿದಂತೆ ಎಂಬ ನಂಬಿಕೆ ಇತ್ತು. ಮೇ ತಿಂಗಳಲ್ಲಿ ಅಮೆರಿಕದ ರಕ್ಷಣಾ ಉಪಸಚಿವರು ಟರ್ಕಿಯ ಟಿವಿ ವಾಹಿನಿಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ಸೇನೆ ತಾವು ನಿರೀಕ್ಷಿಸಿದಂಥ ಗಟ್ಟಿ ನಾಯಕತ್ವ ತೋರಲಿಲ್ಲ ಎಂದು ಬೇಸರಪಟ್ಟರು. ಪ್ರಜಾಪ್ರಭುತ್ವ ತರುವ ಹೆಸರಲ್ಲಿ ಯುದ್ಧಕ್ಕೆ ಹೊರಟವರು, ಪಕ್ಕದ ದೇಶದ ಸಂಸತ್ತನ್ನು ಸೇನೆ ಬಗ್ಗಿಸಲಿಲ್ಲವಲ್ಲ ಎಂದು ನೊಂದುಕೊಂಡದ್ದು ಆ ವರ್ಷದ ದೊಡ್ಡ ತಮಾಷೆ.

ಬಿಕ್ಕಟ್ಟಿನಲ್ಲಿ ದೇಶವೊಂದು ಹೇಗೆ ನಡೆದುಕೊಳ್ಳುತ್ತದೆ ಎಂದು ಅಂದಾಜಿಸುವವರು ಇಲ್ಲಿಂದ ಕಲಿಯಬೇಕಾದ ಕಸುಬು ಇದು. ಸ್ಥಾನಬಲವನ್ನು ಮತಬಲವೆಂದು ಓದಬಾರದು. ಅದೇ ಸಭೆಯಲ್ಲಿ ಅದೇ ವಿಷಯದ ಸಣ್ಣ ಮತದಾನ ಮೊದಲು ನಡೆದಿದ್ದರೆ ಅದರ ಸೋರಿಕೆಯನ್ನು ಅಳೆಯಬೇಕು. ಕೋರಿಕೆ ದೊಡ್ಡದಾದಷ್ಟೂ ಸೋರಿಕೆ ಹೆಚ್ಚುತ್ತದೆ. ನಿರ್ಣಯ ಗೆಲ್ಲಲು ಬೇಕಾದ ಸಂಖ್ಯೆಯನ್ನು ಯಾವುದರ ಮೇಲೆ ಲೆಕ್ಕ ಹಾಕುತ್ತಾರೆ, ಚಲಾವಣೆಯಾದ ಮತದ ಮೇಲೋ ಹಾಜರಿಯ ಮೇಲೋ ಒಟ್ಟು ಸದಸ್ಯರ ಮೇಲೋ ಎಂದು ಮೊದಲೇ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಬೇಡ’ ಎನ್ನಲು ಅಧಿಕಾರವಿದ್ದವರ ಪಟ್ಟಿ ಮಾಡಿದರೆ ಸಾಲದು. ಅವರಲ್ಲಿ ಯಾರಿಗೆ ಮೊದಲು ‘ಹೌದು’ ಎನ್ನುವುದು ದುಬಾರಿ ಎಂದು ಬರೆದುಕೊಳ್ಳಬೇಕು. ಟರ್ಕಿಯಲ್ಲಿ ಅಧ್ಯಕ್ಷರು, ಸಭಾಧ್ಯಕ್ಷರು, ಒಬ್ಬ ಉಪಪ್ರಧಾನಿಯನ್ನು ಬಿಟ್ಟರೆ ಮೇಲಿದ್ದ ಯಾರೂ ಖಚಿತವಾಗಿ ಬೇಡ ಎಂದಿರಲಿಲ್ಲ.

ಅದೇ ಪ್ರಶ್ನೆ ಕೆಲವೇ ತಿಂಗಳಲ್ಲಿ ದೆಹಲಿಗೂ ಬಂತು. ಇರಾಕಿಗೆ ಒಂದು ಡಿವಿಷನ್ ಸೇನೆ ಕಳಿಸಿ ಎಂದು ಅಮೆರಿಕ ಕೇಳಿತ್ತು. ಭಾರತದಲ್ಲಿ ಇದಕ್ಕೆ ಸಂಸತ್ತಿನ ಅನುಮತಿ ಬೇಕಿಲ್ಲ, ಸಂಪುಟ ತೀರ್ಮಾನಿಸಬಹುದು. ಆದರೆ ವಾಜಪೇಯಿ ಸರ್ಕಾರ ಹತ್ತಾರು ಪಕ್ಷಗಳ ಮೈತ್ರಿ, ಮುಂದೆ ಚುನಾವಣೆಗಳ ಸಾಲು. ಏಪ್ರಿಲ್‌ನಲ್ಲಿ ಲೋಕಸಭೆ ಯುದ್ಧದ ವಿರುದ್ಧ ನಿರ್ಣಯ ಮಾಡಿಯಾಗಿತ್ತು. ಖಂಡನೆ ಎನ್ನಬೇಕೋ ಬೇಡವೋ ಎಂಬ ಜಗ್ಗಾಟ ತೀರಿದ್ದು ‘ನಿಂದಾ’ ಎಂಬ ಹಿಂದಿ ಪದದಿಂದ. ಜುಲೈ 14ರಂದು ಸಂಪುಟದ ಭದ್ರತಾ ಸಮಿತಿ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿದ್ದರೆ ಯೋಚಿಸಬಹುದು ಎಂದು ಹೇಳಿ ಕೋರಿಕೆಯನ್ನು ಮಡಚಿಟ್ಟಿತು. ಟರ್ಕಿಯಲ್ಲಿ ಸಭೆಯೊಳಗೆ ಮತಯಂತ್ರದ ಮೇಲೆ ಬಂದ ಉತ್ತರ ಇಲ್ಲಿ ಕೋಣೆಯೊಳಗೆ, ಮತವೇ ಬೀಳದೆ ಬಂತು.

ಟರ್ಕಿಯ 92ನೇ ವಿಧಿ ಈಗಲೂ ಇದೆ. 2012ರ ಅಕ್ಟೋಬರ್ 4ರಂದು ಸಿರಿಯಾ ಕುರಿತ ತೆಜ್ಕೆರೆ 320–129ರಿಂದ ಪಾಸಾಯಿತು. 2014ರ ಅಕ್ಟೋಬರ್ 2ರದು ಇರಾಕ್, ಸಿರಿಯಾ ಎರಡನ್ನೂ ಕೂಡಿಸಿದ್ದು. ಟರ್ಕಿ ಸೇನೆ ಹೊರಗೆ ಹೋಗುವುದು, ಹೊರಗಿನ ಸೇನೆ ಒಳಗೆ ಬರುವುದು, ಎರಡೂ ಮತ್ತೆ ಒಂದೇ ಕಾಗದದಲ್ಲಿ. ಪರ 298, ವಿರುದ್ಧ 98.